ಬಾವಿಗಿಳಿದವನ ಪಾಠ

ಬಿರುಬಿಸಿಲಿನಲ್ಲಿ ಒಬ್ಬ ದಾರಿಹೋಕ ನಡೆದು ಹೋಗುತ್ತಿದ್ದ. ಬಾಯಾರಿಕೆಯಿಂದ ಅವನ ಗಂಟಲು ಒಣಗಿತ್ತು. ಒಂದು ಬಾವಿ ಸಿಕ್ಕಿತು. ಇಳಿದು ಹೊಟ್ಟೆ ತುಂಬ ನೀರು ಕುಡಿದು ಮೇಲೆ ಬಂದ. ಅಲ್ಲಿ ಒಂದು ನಾಯಿ ನಾಲಿಗೆ ಚಾಚಿ ಒದ್ದೆ ಮಣ್ಣನ್ನು ನೆಕ್ಕುತ್ತಾ ನಿಂತಿತ್ತು. ತನಗಾಗಿದ್ದ ದಾಹವೇ ಈ ನಾಯಿಗೂ ಆಗಿದೆ ಎಂದು ಅವನ ಮನಸ್ಸು ಹೇಳಿತು. ಮತ್ತೆ ಬಾವಿಗಿಳಿದ. ಪಾತ್ರೆಯಿರಲಿಲ್ಲ, ತನ್ನ ಚರ್ಮದ ಪಾದರಕ್ಷೆಯಲ್ಲಿ ನೀರು ತುಂಬಿ, ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಮೇಲೇರಿ ಬಂದು ನಾಯಿಗೆ ಕುಡಿಸಿದ. ಅಲ್ಲಾಹನು ಅವನ ಈ ಕೆಲಸವನ್ನು ಮೆಚ್ಚಿ ಅವನ ಪಾಪಗಳನ್ನು ಮನ್ನಿಸಿದನು.

ಹ. ಅಬೂ ಹುರೈರಾ(ರ) ವರದಿ ಮಾಡಿರುವ ಈ ಘಟನೆ ಬುಖಾರಿ ಮತ್ತು ಮುಸ್ಲಿಮ್ ಎರಡೂ ಗ್ರಂಥಗಳಲ್ಲಿದೆ. ಮದ್ರಸಾದಲ್ಲಿ ಓದಿದ ನಮ್ಮ ಮಕ್ಕಳಿಗೂ ಇದು ಬಾಯಿಪಾಠ. ಇದನ್ನು ಕೇಳಿದ ಅನುಚರರು, ಪ್ರಾಣಿಗಳ ವಿಷಯದಲ್ಲೂ ನಮಗೆ ಪ್ರತಿಫಲವುಂಟೇ ಎಂದು ಆಶ್ಚರ್ಯದಿಂದ ವಿಚಾರಿಸಿದಾಗ, ಜೀವವಿರುವ ಪ್ರತಿಯೊಂದರ ವಿಷಯದಲ್ಲೂ ಪ್ರತಿಫಲವಿದೆಯೆಂದು ಪ್ರವಾದಿವರ್ಯರು(ಸ) ತಿಳಿಸಿದರು.

ಪ್ರಿಯ ಓದುಗರೇ, ಒಂದು ವಿಷಯವನ್ನು ಗಮನಿಸಿದಿರಾ? ಆ ಪ್ರಾಣಿ ಕುರಿಯಾಗಿರಬಹುದಿತ್ತು, ಒಂಟೆಯಾಗಿರಬಹುದಿತ್ತು. ಆದರೆ ಅದು ನಾಯಿ. ಯಾವುದರ ಜೊಲ್ಲು ತಾಗಿದರೆ ಪಾತ್ರೆಯನ್ನು ಏಳು ಸಲ ತೊಳೆಯಬೇಕೆಂದು ನಾವು ಕಲಿತಿದ್ದೇವೋ, ಯಾವುದನ್ನು ಕಂಡೊಡನೆ ಬಟ್ಟೆ ಎತ್ತಿಕೊಂಡು ದೂರ ಸರಿಯುತ್ತೇವೋ ಅದೇ ನಾಯಿ. ತೊಳೆಯುವ ಪಾಠ ನಮಗೆ ಚೆನ್ನಾಗಿ ನೆನಪಿದೆ. ನೀರು ಕುಡಿಸಿದ ಪಾಠ ನಮ್ಮ ನಡೆಯಲ್ಲಿ ಎಷ್ಟು ಉಳಿದಿದೆ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ನಾಯಿಗಳ ಮೇಲೆ ಇಂದು ನಡೆಯುತ್ತಿರುವ ಒಂದು ದೊಡ್ಡ ಅನ್ಯಾಯವನ್ನೂ ಅದಕ್ಕೆ ಎದುರಾಗಿ ದುಡಿಯುತ್ತಿರುವ ಕೆಲವರನ್ನೂ ಪರಿಚಯ ಮಾಡಿಕೊಳ್ಳೋಣ.

ಮರಿಗಳ ಕಾರ್ಖಾನೆ

ಅಮೇರಿಕಾದಲ್ಲಿ 'ಪಪ್ಪಿ ಮಿಲ್' ಎಂಬ ಒಂದು ಮಾತಿದೆ. ಮಿಲ್ ಎಂದರೆ ನಮಗೆ ಅಕ್ಕಿ ಗಿರಣಿ, ಹತ್ತಿ ಗಿರಣಿ ನೆನಪಾಗುತ್ತದೆ. ಇದು ನಾಯಿಮರಿಗಳ ಗಿರಣಿ. ಎರಡನೇ ಮಹಾಯುದ್ಧದ ಬಳಿಕ ಕನ್ಸಾಸ್, ಮಿಸೌರಿ, ಅಯೋವಾ ಮುಂತಾದ ರಾಜ್ಯಗಳ ರೈತರು ಬೆಳೆಯಿಂದ ಬರುವ ಆದಾಯ ಸಾಲದೆ, ಕೋಳಿ ಗೂಡುಗಳನ್ನೂ ಕೊಟ್ಟಿಗೆಗಳನ್ನೂ ನಾಯಿಗೂಡುಗಳಾಗಿ ಮಾಡಿಕೊಂಡು ಮರಿ ಮಾರುವ ದಂಧೆಗಿಳಿದರು. ನಗರಗಳಲ್ಲಿ ಸಾಕುಪ್ರಾಣಿಗಳ ಅಂಗಡಿಗಳು ಹೆಚ್ಚಿದಂತೆ ಈ ದಂಧೆಯೂ ಬೆಳೆಯಿತು.

ಅಂಗಡಿಯ ಗಾಜಿನ ಹಿಂದೆ ಕುಳಿತ ಮರಿ ಮುದ್ದಾಗಿರುತ್ತದೆ. ಅದರ ತಾಯಿಯನ್ನು ಕೊಳ್ಳುವವರು ನೋಡುವುದೇ ಇಲ್ಲ. ಆ ತಾಯಿ ನೂರಾರು ಮೈಲಿ ದೂರದ ಒಂದು ಶೆಡ್ಡಿನಲ್ಲಿ ಒಂದರ ಮೇಲೊಂದು ಪೇರಿಸಿದ ತಂತಿಯ ಪಂಜರಗಳಲ್ಲಿ ಒಂದರೊಳಗೆ ಇರುತ್ತಾಳೆ. ಪಂಜರದ ತಳವೂ ತಂತಿ ಬಲೆಯೇ. ಮಲಮೂತ್ರ ಕೆಳಗೆ ಬೀಳಲೆಂದು ಹಾಗೆ ಮಾಡಿರುತ್ತಾರೆ. ಹೆಣ್ಣು ನಾಯಿ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ, ಸುಮಾರು 63 ದಿನ ಗರ್ಭ ಧರಿಸುತ್ತದೆ. ಗಿರಣಿಯಲ್ಲಿ ಪ್ರತಿಯೊಂದು ಬೆದೆಯೂ ಒಂದು ಸೂಲಾಗಬೇಕು. ಮರಿಗಳನ್ನು ಬೇಗನೆ ಬೇರ್ಪಡಿಸಿ ಕಳಿಸುತ್ತಾರೆ, ತಾಯಿಯನ್ನು ಮುಂದಿನ ಸೂಲಿಗೆ ಸಿದ್ಧಪಡಿಸುತ್ತಾರೆ. ಐದಾರು ವರ್ಷಗಳಲ್ಲಿ ಮೈ ಸೋತು ಮರಿಗಳ ಸಂಖ್ಯೆ ಇಳಿದಾಗ ಅವಳನ್ನು ಹರಾಜಿಗಿಡುತ್ತಾರೆ ಇಲ್ಲವೇ ಕೊಲ್ಲುತ್ತಾರೆ.

ಕಾನೂನಿಲ್ಲವೇ ಎಂದು ನೀವು ಕೇಳಬಹುದು. ಇದೆ. ಅಮೇರಿಕಾದಲ್ಲಿ 1966ರಲ್ಲೇ ಪ್ರಾಣಿ ಕಲ್ಯಾಣ ಕಾಯಿದೆ ಬಂತು. ಅಂಗಡಿಗಳಿಗೆ ಮರಿ ಪೂರೈಸುವ ದೊಡ್ಡ ತಳಿಗಾರರು ಕೇಂದ್ರ ಕೃಷಿ ಇಲಾಖೆಯ ಪರವಾನಿಗೆ ಪಡೆಯಬೇಕು. ಆದರೆ ಆ ನಿಯಮಗಳು ಕೇಳುವ ಪಂಜರದ ಕನಿಷ್ಠ ಅಳತೆ, ನಾಯಿಯ ಮೈಯುದ್ದಕ್ಕಿಂತ ಆರೇ ಆರು ಇಂಚು ಹೆಚ್ಚು ಉದ್ದ, ಅಷ್ಟೇ ಅಗಲ. ತಲೆಯ ಮೇಲೆ ಆರು ಇಂಚು ಎತ್ತರ. ಒಂದು ಜೀವ ತನ್ನ ಇಡೀ ಆಯುಸ್ಸನ್ನು ಅಷ್ಟು ಜಾಗದಲ್ಲಿ ಕಳೆದರೂ ಕಾಗದದ ಮೇಲೆ ಎಲ್ಲವೂ ಸರಿಯಾಗಿಯೇ ಇರುತ್ತದೆ. ಕಾನೂನಿನ ಕಣ್ಣು ಅಳತೆಪಟ್ಟಿಯಷ್ಟೇ ದೂರ ನೋಡುತ್ತದೆ.

ದವಡೆ ಕಳಕೊಂಡ ಲಿಲ್ಲಿ

2007ರಲ್ಲಿ ಕೊಲೊರಾಡೊ ರಾಜ್ಯದ ಥೆರೇಸಾ ಸ್ಟ್ರೇಡರ್ ಎಂಬ ನರ್ಸ್ ಮಿಸೌರಿಯಲ್ಲಿ ನಡೆಯುತ್ತಿದ್ದ ನಾಯಿಗಳ ಹರಾಜಿಗೆ ಹೋದರು. ಒಂದು ಗಿರಣಿ ಮುಚ್ಚುತ್ತಿತ್ತು. ನೂರಾರು ನಾಯಿಗಳು ಹರಾಜಿಗೆ ಬಂದಿದ್ದವು. ಅಲ್ಲಿ ಅವರು ಇಟಾಲಿಯನ್ ಗ್ರೇಹೌಂಡ್ ಜಾತಿಯ ಒಂದು ಪುಟ್ಟ ಹೆಣ್ಣು ನಾಯಿಯನ್ನು ಕಂಡರು. ಏಳು ವರ್ಷ ಪಂಜರದಲ್ಲಿದ್ದ ಅದರ ಹಲ್ಲುಗಳನ್ನು ಯಾರೂ ನೋಡಿಕೊಂಡಿರಲಿಲ್ಲ; ಕೊಳೆತು ಕೊಳೆತು ಕೆಳದವಡೆಯೇ ಇಲ್ಲವಾಗಿತ್ತು. ಮೊಲೆಗಳಲ್ಲಿ ಗಡ್ಡೆಗಳಿದ್ದವು. ಆ ಸ್ಥಿತಿಯಲ್ಲೂ ಅದರಿಂದ ಮರಿ ಹಾಕಿಸಲಾಗಿತ್ತು. ಸ್ಟ್ರೇಡರ್ ಅದನ್ನೂ ಸೇರಿಸಿ 13 ನಾಯಿಗಳನ್ನು ಬಿಡಿಸಿ ತಂದರು. ಅದಕ್ಕೆ ಲಿಲ್ಲಿ ಎಂದು ಹೆಸರಿಟ್ಟರು.

ಲಿಲ್ಲಿ ಹೆಚ್ಚು ಕಾಲ ಬದುಕಲಿಲ್ಲ. ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಮೆತ್ತನೆಯ ಹಾಸಿಗೆಯಲ್ಲಿ, ಮನುಷ್ಯರ ಪ್ರೀತಿಯಲ್ಲಿ ಕಳೆದು 2008ರಲ್ಲಿ ಸತ್ತಿತು. ಆದರೆ ಅದರ ಪ್ರೇರಣೆಯಿಂದ ಆರಂಭವಾದ 'ನ್ಯಾಷನಲ್ ಮಿಲ್ ಡಾಗ್ ರೆಸ್ಕ್ಯೂ' ಎಂಬ ಸಂಘವು 10,000ಕ್ಕೂ ಹೆಚ್ಚು ನಾಯಿಗಳನ್ನು ಗಿರಣಿಗಳಿಂದ ಹೊರತಂದಿದೆ. ಈ ಕೆಲಸದ ಬಹುಭಾಗ ನಡೆಯುವುದು ಸ್ವಯಂಸೇವಕರಿಂದ. ಅವರು ಹಗಲಿಡೀ ಬೇರೆ ಉದ್ಯೋಗ ಮಾಡುವವರು, ಮಕ್ಕಳು ಮರಿ ಇರುವವರು. ರಜೆಯ ದಿನಗಳಲ್ಲಿ ವ್ಯಾನು ಓಡಿಸಿಕೊಂಡು ನೂರಾರು ಮೈಲಿ ಹೋಗುತ್ತಾರೆ, ಗಿರಣಿಯವರು ಬೇಡವೆಂದ ನಾಯಿಗಳನ್ನು ತುಂಬಿಸಿಕೊಂಡು ರಾತ್ರಿಯಿಡೀ ಪ್ರಯಾಣ ಮಾಡಿ ಮರಳುತ್ತಾರೆ.

ತಂದ ಮೇಲೆ ಕೆಲಸ ಮುಗಿಯಿತೆಂದು ಭಾವಿಸಬೇಡಿ; ನಿಜವಾದ ಕೆಲಸ ಆಗಲೇ ಶುರು. ಗಂಟುಕಟ್ಟಿ ಚಾಪೆಯಂತಾದ ಕೂದಲನ್ನು ಕತ್ತರಿಸಬೇಕು. ಬೆಳೆದು ಪಾದದೊಳಗೆ ಹೊಕ್ಕ ಉಗುರುಗಳನ್ನು ಬಿಡಿಸಬೇಕು. ಕೊಳೆತ ಹಲ್ಲು ಕೀಳಿಸಬೇಕು, ಮತ್ತೆ ಮರಿಯಾಗದಂತೆ ಶಸ್ತ್ರಚಿಕಿತ್ಸೆ ಮಾಡಿಸಬೇಕು. ಅನಂತರ ಮನಸ್ಸಿನ ಗಾಯ. ತಂತಿಯ ಮೇಲೆಯೇ ಬದುಕಿದ ನಾಯಿಗೆ ಹುಲ್ಲಿನ ಮೇಲೆ ಕಾಲಿಡಲು ಭಯ. ಮೆಟ್ಟಿಲು ಹತ್ತಲು ಬಾರದು. ಮನುಷ್ಯನ ಕೈ ಚಾಚಿದರೆ ಮೂಲೆಗೆ ಸರಿದು ನಡುಗುತ್ತದೆ. ಪಂಜರದಿಂದ ಹೊರಬಂದ ಮೇಲೂ ಕೆಲವು ನಾಯಿಗಳು ಪಂಜರದ ಅಳತೆಯಲ್ಲೇ ಸುತ್ತು ಹಾಕುತ್ತಿರುತ್ತವೆ.

ಇಂತಹ ನಾಯಿಯನ್ನು ಮೊದಲು ಒಂದು ತಾತ್ಕಾಲಿಕ ಮನೆಯಲ್ಲಿ ಇರಿಸುತ್ತಾರೆ. ಆ ಮನೆಯವರು ತಿಂಗಳುಗಟ್ಟಲೆ ನೆಲದ ಮೇಲೆ ಕುಳಿತು, ಮುಟ್ಟದೆ, ಗದರದೆ, ಅದು ತಾನಾಗಿ ಹತ್ತಿರ ಬರುವ ದಿನಕ್ಕಾಗಿ ಕಾಯುತ್ತಾರೆ. ಅದು ಮೊದಲ ಬಾರಿಗೆ ಕೈಯಿಂದ ತುತ್ತು ತಿಂದ ದಿನ ಅವರಿಗೆ ಹಬ್ಬ. ಆಮೇಲೆ ಶಾಶ್ವತ ಮನೆಯ ಹುಡುಕಾಟ. ಕೇಳಿದವರಿಗೆಲ್ಲ ಕೊಡುವುದಿಲ್ಲ, ಮನೆಯನ್ನು ನೋಡುತ್ತಾರೆ, ಬೇಲಿ ನೋಡುತ್ತಾರೆ, ಮನೆಮಂದಿಯ ತಾಳ್ಮೆಯನ್ನು ಅಳೆಯುತ್ತಾರೆ. ಸಾಕಲಾಗದಿದ್ದರೆ ಬೀದಿಗೆ ಬಿಡದೆ ತಮಗೇ ಮರಳಿಸಬೇಕೆಂದು ಬರೆಸಿಕೊಳ್ಳುತ್ತಾರೆ.

ಈ ಜನರಲ್ಲಿ ಹೆಚ್ಚಿನವರು ನಮ್ಮ ಧರ್ಮದವರಲ್ಲ. ಬಾವಿಗಿಳಿದವನ ಕಥೆಯನ್ನು ಅವರು ಕೇಳಿರಲಾರರು. ಆದರೂ ಅವರು ಬಾವಿಗಿಳಿಯುತ್ತಿದ್ದಾರೆ. ಕಥೆ ಗೊತ್ತಿರುವ ನಾವು ದಡದಲ್ಲಿ ನಿಂತಿದ್ದೇವೆ.

ಬಿಡಿಸಲು ಹಣ ಕೊಡಬಹುದೇ?

ಈ ಸೇವೆಯೊಳಗೂ ಒಂದು ಎಡವಟ್ಟು ಉಂಟು. ಹರಾಜಿನಲ್ಲಿ ಹಣ ಕೊಟ್ಟು ನಾಯಿಗಳನ್ನು ಬಿಡಿಸುವ ಸಂಘಗಳಿವೆ. ಇದನ್ನು 2018ರಲ್ಲಿ 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆ ವಿವರವಾಗಿ ಬಯಲಿಗೆ ತಂದಿತು. ಕರುಣೆಯಿಂದ ಕೊಟ್ಟ ಹಣ ತಳಿಗಾರನ ಜೇಬು ಸೇರುತ್ತದೆ. ಅವನು ಅದೇ ಹಣದಲ್ಲಿ ಇನ್ನಷ್ಟು ಹೆಣ್ಣು ನಾಯಿಗಳನ್ನು ಸಾಕುತ್ತಾನೆ. ಹೀಗೆ ಬಿಡಿಸುವವರೇ ಗಿರಾಕಿಗಳಾಗಿಬಿಡುತ್ತಾರೆ. ಇದಕ್ಕಾಗಿಯೇ ಅನೇಕ ಸಂಘಗಳು ಒಂದು ಕಾಸನ್ನೂ ಕೊಡದೆ, ಉಚಿತವಾಗಿ ಬಿಟ್ಟುಕೊಟ್ಟ ನಾಯಿಗಳನ್ನು ಮಾತ್ರ ಸ್ವೀಕರಿಸುತ್ತವೆ.

ಬ್ರಿಟನ್ನಿನವರು ಇನ್ನೊಂದು ದಾರಿ ಹಿಡಿದರು. 2013ರಲ್ಲಿ ವೇಲ್ಸಿನ ಒಂದು ಗಿರಣಿಯಿಂದ ಲೂಸಿ ಎಂಬ ಸ್ಪ್ಯಾನಿಯಲ್ ಜಾತಿಯ ನಾಯಿಯನ್ನು ಬಿಡಿಸಲಾಯಿತು. ವರ್ಷಗಟ್ಟಲೆ ಇಕ್ಕಟ್ಟಿನಲ್ಲಿ ಕುಳಿತು ಅದರ ಸೊಂಟದ ಕೀಲುಗಳು ಬಿಗಿದುಹೋಗಿದ್ದವು, ಬೆನ್ನು ಬಾಗಿತ್ತು. ಅದು 2016ರಲ್ಲಿ ಸತ್ತಿತು. ಮಾರ್ಕ್ ಅಬ್ರಹಾಂ ಎಂಬ ಪಶುವೈದ್ಯರೂ ಅವರ ಸಂಗಡಿಗರೂ ಅದರ ಹೆಸರಿನಲ್ಲಿ ಚಳುವಳಿ ನಡೆಸಿದರು. ಫಲವಾಗಿ 2020ರ ಏಪ್ರಿಲ್ 6ರಿಂದ ಇಂಗ್ಲೆಂಡಿನಲ್ಲಿ 'ಲೂಸಿ ಕಾನೂನು' ಜಾರಿಗೆ ಬಂತು. ಆರು ತಿಂಗಳೊಳಗಿನ ನಾಯಿಮರಿ, ಬೆಕ್ಕಿನಮರಿಗಳನ್ನು ಅಂಗಡಿಯವರಾಗಲಿ ದಲ್ಲಾಳಿಗಳಾಗಲಿ ಮಾರುವಂತಿಲ್ಲ. ಮರಿ ಬೇಕಾದವರು ಅದು ಹುಟ್ಟಿದ ಸ್ಥಳಕ್ಕೇ ಹೋಗಿ, ತಾಯಿಯ ಜೊತೆಗೇ ಅದನ್ನು ನೋಡಿ ಪಡೆಯಬೇಕು. ಇಲ್ಲವೇ ರಕ್ಷಣಾ ಕೇಂದ್ರಗಳಿಂದ ಪಡೆಯಬೇಕು. ಅಮೇರಿಕಾದ ಕ್ಯಾಲಿಫೋರ್ನಿಯಾ ರಾಜ್ಯವು 2019ರಿಂದಲೇ, ಅಂಗಡಿಗಳು ರಕ್ಷಣಾ ಕೇಂದ್ರಗಳಿಂದ ಬಂದ ಪ್ರಾಣಿಗಳನ್ನು ಮಾತ್ರ ಕೊಡಬೇಕೆಂದು ವಿಧಿಸಿತು. ತಾಯಿಯನ್ನು ಮರೆಮಾಚಿದ ವ್ಯಾಪಾರವೇ ಅನ್ಯಾಯದ ಮೂಲ ಎಂಬುದನ್ನು ಅವರು ಅನುಭವದಿಂದ ಕಂಡುಕೊಂಡರು.

ನಮ್ಮ ಧರ್ಮ ಏನನ್ನುತ್ತದೆ?

ಈಗ ನಮ್ಮ ಕಡೆಗೆ ತಿರುಗೋಣ. ಭೂಮಿಯ ಮೇಲೆ ನಡೆಯುವ ಪ್ರಾಣಿಗಳೂ ಹಾರುವ ಹಕ್ಕಿಗಳೂ ನಿಮ್ಮಂತೆಯೇ ಸಮುದಾಯಗಳು ಎಂದು ಪವಿತ್ರ ಕುರ್‌ಆನಿನ ಅಲ್ ಅನ್‌ಆಮ್ ಅಧ್ಯಾಯ ತಿಳಿಸುತ್ತದೆ. ಅಲ್ ಕಹ್‌ಫ್ ಅಧ್ಯಾಯದಲ್ಲಿ ಗುಹೆಯ ಸತ್ಯವಿಶ್ವಾಸಿ ಯುವಕರ ಪ್ರಸ್ತಾಪವಿರುವಲ್ಲಿ, ಹೊಸ್ತಿಲ ಬಳಿ ಮುಂಗಾಲು ಚಾಚಿ ಮಲಗಿದ್ದ ಅವರ ನಾಯಿಯ ಪ್ರಸ್ತಾಪವೂ ಇದೆ.

ಪ್ರವಾದಿವರ್ಯರು(ಸ) ಕಲಿಸಿದ ನಾಲ್ಕು ಪಾಠಗಳನ್ನು ಈ ಗಿರಣಿಯ ಮುಂದಿಟ್ಟು ನೋಡಿ.

ಮೊದಲನೆಯದು ಬಂಧನ. ಒಬ್ಬ ಮಹಿಳೆ ಬೆಕ್ಕನ್ನು ಕೂಡಿಹಾಕಿ, ತಿನ್ನಲೂ ಕೊಡದೆ, ತಾನಾಗಿ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ್ದಕ್ಕಾಗಿ ನರಕಕ್ಕೆ ಅರ್ಹಳಾದಳು. ಅವಳು ಅದನ್ನು ಹೊಡೆದಿದ್ದಳೆಂದು ಹದೀಸಿನಲ್ಲಿಲ್ಲ. ಕೂಡಿಹಾಕಿದ ಮೇಲೆ ಹೊಣೆ ಮರೆತದ್ದೇ ಅವಳ ಅಪರಾಧ.

ಎರಡನೆಯದು ತಾಯಿ ಮತ್ತು ಮರಿ. ಒಂದು ಪ್ರಯಾಣದಲ್ಲಿ ಅನುಚರರು ಹಕ್ಕಿಯ ಗೂಡಿನಿಂದ ಎರಡು ಮರಿಗಳನ್ನು ಎತ್ತಿಕೊಂಡರು. ತಾಯಿಹಕ್ಕಿ ರೆಕ್ಕೆ ಬಡಿಯುತ್ತಾ ಸುತ್ತತೊಡಗಿತು. ಪ್ರವಾದಿವರ್ಯರು(ಸ) ಅದನ್ನು ಕಂಡು, ಈ ತಾಯಿಯನ್ನು ನೋಯಿಸಿದವರು ಯಾರೆಂದು ಕೇಳಿ ಮರಿಗಳನ್ನು ಹಿಂದಿರುಗಿಸಲು ಆಜ್ಞಾಪಿಸಿದರು. ಇದು ಅಬೂದಾವೂದ್ ಗ್ರಂಥದಲ್ಲಿದೆ. ಇತಿಹಾಸಕಾರ ವಾಕಿದಿ ಇನ್ನೊಂದು ಘಟನೆಯನ್ನು ದಾಖಲಿಸಿದ್ದಾರೆ. ಹಿಜಿರಾ 8ರಲ್ಲಿ ಸೇನೆಯು ಮಕ್ಕಾದತ್ತ ಸಾಗುತ್ತಿದ್ದಾಗ ದಾರಿಯಲ್ಲಿ ಒಂದು ಹೆಣ್ಣು ನಾಯಿ ಮರಿಗಳಿಗೆ ಹಾಲೂಡಿಸುತ್ತಿತ್ತು. ಯಾರೂ ಅದಕ್ಕೆ ತೊಂದರೆ ಕೊಡದಂತೆ ಪ್ರವಾದಿವರ್ಯರು(ಸ) ಒಬ್ಬ ಅನುಚರರನ್ನು ಅಲ್ಲಿ ಕಾವಲು ನಿಲ್ಲಿಸಿದರು. ಇಡೀ ಸೇನೆ ಒಂದು ಬಾಣಂತಿ ನಾಯಿಗಾಗಿ ಬದಿಗೆ ಸರಿದು ನಡೆಯಿತು!

ಮೂರನೆಯದು ನಾಯಿಯ ಬೆಲೆ. ನಾಯಿಯನ್ನು ಮಾರಿ ಪಡೆದ ಹಣವನ್ನು ಪ್ರವಾದಿವರ್ಯರು(ಸ) ನಿಷೇಧಿಸಿದ ಹದೀಸ್ ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ. ಶಾಫಿಈ ಮತ್ತು ಹಂಬಲಿ ಮದ್‌ಹಬ್‌ಗಳಲ್ಲಿ ನಾಯಿಯ ಮಾರಾಟ ಸಿಂಧುವಲ್ಲ. ಹನಫೀ ವಿದ್ವಾಂಸರು ಬೇಟೆ, ಕಾವಲು ಮುಂತಾದ ಪ್ರಯೋಜನವಿರುವ ನಾಯಿಯ ಮಾರಾಟಕ್ಕೆ ಅನುಮತಿಸಿದ್ದಾರೆ. ಈ ಭಿನ್ನಾಭಿಪ್ರಾಯ ಇರಲಿ. ತಾಯಿಯನ್ನು ಪಂಜರದಲ್ಲಿ ಹಿಂಸಿಸಿ ಮರಿಗಳನ್ನು ಸರಕಿನಂತೆ ಮಾರುವ ಗಳಿಕೆಗೆ ಯಾವ ಮದ್‌ಹಬ್‌ನಲ್ಲೂ ಆಸರೆಯಿಲ್ಲ. ಜೀವವನ್ನು ಹಿಂಸಿಸುವುದು ಎಲ್ಲರ ಬಳಿಯೂ ನಿಷಿದ್ಧವೇ. ಹಣ ಕೊಟ್ಟು ಬಿಡಿಸಬೇಕೇ ಬೇಡವೇ ಎಂದು ಇಂದು ಅಮೇರಿಕಾದವರು ತಲೆ ಕೆಡಿಸಿಕೊಂಡಿರುವಾಗ, ನಾಯಿಯ ಬೆಲೆಯ ಬಗ್ಗೆ ಹದಿನಾಲ್ಕು ಶತಮಾನಗಳ ಹಿಂದೆಯೇ ನೀಡಲಾದ ಎಚ್ಚರಿಕೆಯ ಕುರಿತು ನಾವು ಚಿಂತಿಸಬೇಡವೇ?

ನಾಲ್ಕನೆಯದು ದುಡಿಮೆ ಮುಗಿದ ಜೀವದ ಹಕ್ಕು. ಹಸಿವು ಮತ್ತು ಮಿತಿಮೀರಿದ ದುಡಿಮೆಯಿಂದ ಬಳಲಿ ಕಣ್ಣೀರಿಟ್ಟ ಒಂಟೆಯನ್ನು ಪ್ರವಾದಿವರ್ಯರು(ಸ) ಸವರಿ ಸಂತೈಸಿ, ಅದರ ಒಡೆಯನಿಗೆ ಅಲ್ಲಾಹನ ಭಯವನ್ನು ನೆನಪಿಸಿದರು. ಈ ಬೋಧನೆಗಳ ನೆರಳಿನಲ್ಲೇ, 1262ರಲ್ಲಿ ನಿಧನರಾದ ಶಾಫಿಈ ವಿದ್ವಾಂಸ ಇಮಾಮ್ ಇಝ್ಝುದ್ದೀನ್ ಬಿನ್ ಅಬ್ದುಸ್ಸಲಾಮ್(ರ) ತಮ್ಮ ಗ್ರಂಥದಲ್ಲಿ ಪ್ರಾಣಿಗಳ ಹಕ್ಕುಗಳನ್ನು ಪಟ್ಟಿ ಮಾಡಿದರು. ಪ್ರಾಣಿಯು ಮುಪ್ಪಿನಿಂದಲೋ ಕಾಯಿಲೆಯಿಂದಲೋ ಯಾವ ಉಪಯೋಗಕ್ಕೂ ಬಾರದೆ ಹೋದರೂ ಒಡೆಯನು ಅದರ ಖರ್ಚನ್ನು ಹೊರಲೇಬೇಕು ಎಂಬುದು ಅವುಗಳಲ್ಲಿ ಒಂದು. ಲಿಲ್ಲಿಯ ಒಡೆಯನಿಗೆ ಈ ಒಂದು ವಾಕ್ಯ ಸಾಕಾಗಿತ್ತು.

ಹಾಗಾದರೆ ಮನೆಯಲ್ಲಿ ನಾಯಿ ಸಾಕಬೇಕೇ?

ಇಲ್ಲಿ ತಪ್ಪು ತಿಳಿಯಬೇಡಿ. ನಾಯಿಯನ್ನು ಮನೆಯೊಳಗೆ ತಂದು ಸಾಕಬೇಕೆಂದು ಈ ಲೇಖನ ಹೇಳುತ್ತಿಲ್ಲ. ಬೇಟೆ, ಜಾನುವಾರು ಮತ್ತು ಹೊಲದ ಕಾವಲಿಗಲ್ಲದೆ ನಾಯಿ ಸಾಕುವವನ ಪುಣ್ಯವು ದಿನವೂ ಕಡಿಮೆಯಾಗುತ್ತದೆಂದೂ, ನಾಯಿಯಿರುವ ಮನೆಗೆ ಮಲಕುಗಳು ಪ್ರವೇಶಿಸುವುದಿಲ್ಲವೆಂದೂ ಹದೀಸ್‌ಗಳಿವೆ. ಮನೆ ಕಾವಲಿನ ಅಗತ್ಯವನ್ನೂ ಇದರೊಂದಿಗೆ ಸೇರಿಸಿದ ವಿದ್ವಾಂಸರಿದ್ದಾರೆ. ಆ ವಿಧಿಗಳನ್ನು ಪಾಲಿಸೋಣ. ಆದರೆ ಯಾವ ವಿಧಿಯೂ ನಾಯಿಗೆ ಕಲ್ಲೆಸೆಯಲು, ಬಾಯಾರಿದ ನಾಯಿಯ ಎದುರು ಬಾಗಿಲು ಮುಚ್ಚಲು ಅನುಮತಿ ಕೊಟ್ಟಿಲ್ಲ.

ನಜಸ್ ಎಂದರೆ ದ್ವೇಷಿಸಬೇಕೆಂದು ಅರ್ಥವಲ್ಲ. ಕರಾವಳಿಯ ಶಾಫಿಈಗಳು ಒದ್ದೆಯಾಗಿ ನಾಯಿ ತಾಗಿದರೆ ಏಳು ಸಲ, ಅದರಲ್ಲೊಮ್ಮೆ ಮಣ್ಣು ಬೆರೆಸಿದ ನೀರಿನಿಂದ ತೊಳೆಯುತ್ತಾರೆ. ಒಣಗಿದ ಮೈ ಒಣಗಿದ ಬಟ್ಟೆಗೆ ತಾಗಿದರೆ ತೊಳೆಯಬೇಕಾದುದೇ ಇಲ್ಲ. ಹನಫೀಗಳ ಬಳಿ ಜೊಲ್ಲು ನಜಸ್. ಮಾಲಿಕೀಗಳ ಬಳಿ ಜೀವಂತ ನಾಯಿ ಶುದ್ಧವೇ. ಹೇಗಿದ್ದರೂ ತೊಳೆದರೆ ಹೋಗುವ ಅಶುದ್ಧಿಯದು. ಕರುಣೆಯಿಲ್ಲದ ಹೃದಯದ ಅಶುದ್ಧಿಯನ್ನು ಯಾವ ನೀರಿನಿಂದ ತೊಳೆಯುತ್ತೀರಿ? ಬಾವಿಗಿಳಿದವನು ಪಾದರಕ್ಷೆಯನ್ನು ತೊಳೆಯಬೇಕಾದೀತೆಂದು ಹಿಂಜರಿದಿದ್ದರೆ, ಆ ಮನ್ನಣೆ ಅವನಿಗೆ ಸಿಗುತ್ತಿತ್ತೇ?

ನಮ್ಮೂರಿನಲ್ಲಿ

ಈ ಗಿರಣಿ ದೂರದೇಶದ ಸಂಗತಿಯೆಂದು ಸುಮ್ಮನಿರುವಂತಿಲ್ಲ. ಜಾತಿ ನಾಯಿಗಳ ಮೋಹ ಬೆಂಗಳೂರಿನಿಂದ ಹಿಡಿದು ಸಣ್ಣ ಪಟ್ಟಣಗಳವರೆಗೂ ಹಬ್ಬಿದೆ. ಹಿಮದ ನಾಡಿನ ದಪ್ಪ ಕೂದಲಿನ ನಾಯಿಗಳನ್ನು ನಮ್ಮ ಸೆಕೆಯಲ್ಲಿ ಸಾಕುತ್ತಾರೆ. ಮೋಹ ಮುಗಿದಾಗ ಬೀದಿಗೆ ಬಿಡುತ್ತಾರೆ. 1991ರಲ್ಲಿ ಕ್ರಿಸ್ಟಲ್ ರೋಜರ್ಸ್ ಎಂಬ ವೃದ್ಧ ಮಹಿಳೆ ಬೆಂಗಳೂರಿನಲ್ಲಿ ಆರಂಭಿಸಿದ ಕ್ಯೂಪಾದಂತಹ ಸಂಸ್ಥೆಗಳು, ಹೀಗೆ ಬಿಟ್ಟುಹೋದ ಜಾತಿ ನಾಯಿಗಳಿಗೂ ಮನೆ ಹುಡುಕಬೇಕಾಗಿ ಬಂದಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಡಿ 2017ರಲ್ಲಿ ನಾಯಿ ತಳಿ ಮತ್ತು ಮಾರಾಟದ ನಿಯಮಗಳು ಬಂದಿವೆ. ತಳಿಗಾರನು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ.

ನಾಳೆ ನಿಮ್ಮ ಮಗ ಗೆಳೆಯನ ಮನೆಯಿಂದ ಬಂದು, "ಉಮ್ಮಾ, ನಮಗೂ ಅಂಥದೇ ಒಂದು ಮರಿ ಬೇಕು" ಎಂದು ಹಠ ಹಿಡಿಯಬಹುದು. "ಛೀ, ಅದು ನಜಸ್" ಎಂದು ಗದರಿ ಸುಮ್ಮನಾಗಿಸಬೇಡಿ. ಹತ್ತಿರ ಕೂರಿಸಿ, ಆ ಮರಿಯ ತಾಯಿ ಎಲ್ಲಿದ್ದಾಳೆ ಮಗನೇ ಎಂದು ಕೇಳಿ. ಲಿಲ್ಲಿಯ ವಿಷಯ ಹೇಳಿ. ಬಾವಿಗಿಳಿದವನ ಕಥೆಯನ್ನೂ ಹೇಳಿ. ಮರಿ ಕೊಳ್ಳದಿದ್ದುದಕ್ಕೆ ಅವನು ಸ್ವಲ್ಪ ಹೊತ್ತು ಅತ್ತಾನು. ಆದರೆ ಒಂದು ಒಳ್ಳೆಯ ಪಾಠ ಅವನ ಮನಸ್ಸಿನಲ್ಲಿ ಬೇರೂರಬಹುದು.

ಈ ಪಾಠದಿಂದ ಆಚರಣೆಗೆ ತರಬೇಕಾದುದು

1. ಶೋಕಿಗಾಗಿ ನಾಯಿಮರಿಯನ್ನು ಕೊಳ್ಳಬೇಡಿ, ಉಡುಗೊರೆ ಕೊಡಬೇಡಿ. ಗಿರಾಕಿ ಇಲ್ಲದಿದ್ದರೆ ಗಿರಣಿ ನಿಲ್ಲುತ್ತದೆ.

2. ತೋಟ, ಹಟ್ಟಿಯ ಕಾವಲಿಗೆ ನಾಯಿ ಬೇಕಾದವರು ರಕ್ಷಣಾ ಕೇಂದ್ರದ ನಾಯಿಯನ್ನೋ ಊರಿನ ಅನಾಥ ಮರಿಯನ್ನೋ ತನ್ನಿ. ಮುಪ್ಪಾದಾಗಲೂ ಅದನ್ನು ಹೊರದಬ್ಬಬೇಡಿ.

3. ನಮ್ಮ ಯುವಕರು ಸುಲಭದ ಆದಾಯವೆಂದು ಈ ದಂಧೆಗಿಳಿಯುವುದಾದರೆ ತಡೆಯಿರಿ. ಆ ಹಣದ ಬಗ್ಗೆ ಆಲಿಮರಲ್ಲಿ ವಿಚಾರಿಸಲು ಹೇಳಿ.

4. ಮನೆಯಲ್ಲಿ ನಾಯಿ ಇಟ್ಟುಕೊಳ್ಳಲಾಗದವರೂ ರಕ್ಷಣಾ ಕೇಂದ್ರಗಳಿಗೆ ಔಷಧಿಯ ಖರ್ಚು, ವಾಹನ, ಹಳೆಯ ಹೊದಿಕೆ, ಒಂದು ದಿನದ ಶ್ರಮ ಕೊಡಬಹುದು.

5. ಬೇಸಿಗೆಯಲ್ಲಿ ಗೇಟಿನ ಹೊರಗೆ ಒಂದು ಮಣ್ಣಿನ ಪಾತ್ರೆಯಲ್ಲಿ ನೀರಿಡಿ. ದಿನವೂ ಅದನ್ನು ತುಂಬಿಸುವ ಕೆಲಸವನ್ನು ಮನೆಯ ಚಿಕ್ಕ ಮಗುವಿಗೆ ವಹಿಸಿಕೊಡಿ.

ಬಾಯಾರಿದ ನಾಯಿ ಅಂದು ಬಾವಿಯ ಬಳಿ ಇತ್ತು. ಇಂದು ತಂತಿಯ ಪಂಜರದೊಳಗಿದೆ, ನಮ್ಮ ಬೀದಿಯ ತಿರುವಿನಲ್ಲಿದೆ. ಅಂದು ನೋಡುತ್ತಿದ್ದವನು ಇಂದೂ ನೋಡುತ್ತಿದ್ದಾನೆ. ಮೂಕಜೀವಿಗಳ ನೋವನ್ನು ಅರಿಯುವ ಹೃದಯವನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಆಮೀನ್.